ಅರ್ಧ ಅಂಗುಲದ ಧರ್ಮ

‘ಮಕ್ಕಳಿಗಾಗಿ’ ಎಂದು ಹೇಳಿಕೊಂಡು ಗೃಹಸ್ಥನಾದವನು ನಿರ್ಭಯವಾಗಿ ಕೈಗೊಳ್ಳಬಹುದಾದ ಕಾರ್ಯಗಳು ಲೋಕದಲ್ಲಿ ಹಲವುಂಟು. ಅವುಗಳಲ್ಲಿ ತನ್ನ ಬಾಲ್ಯದ ಆಟಿಕೆಗಳ ಜೀರ್ಣೋದ್ಧಾರಕ್ಕೆ ಅಗ್ರಸ್ಥಾನ ಸಲ್ಲತಕ್ಕದ್ದು. ಸ್ಯಾಂಡ್ ಪೇಪರ್, ಕೆಂಪು ಹಸಿರು ಎನಾಮಲ್ ಬಣ್ಣದ ಡಬ್ಬಿಗಳು, ಎಲ್ಲಿಂದಲೋ ಸಂಪಾದಿಸಿದ ದುರ್ಲಭವಾದ ಸೀಮೆಎಣ್ಣೆ, ಇಷ್ಟನ್ನೂ ಸುತ್ತ ಹರಡಿಕೊಂಡು ಹೊಸಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ತಗಡಿನ ಪಟ್ಟಿಗಳನ್ನು ಉಜ್ಜುತ್ತ ಕುಳಿತಿದ್ದ ನನಗೆ, ಅಡುಗೆಮನೆಯ ನಲ್ಲಿ ಸೋರುತ್ತಿರುವ ವಿಷಯವನ್ನು ಜ್ಞಾಪಿಸಲೆಂದು ಬಂದ ನನ್ನ ಪತ್ನಿಯು ಆ ಒಂದು ಶಬ್ದವನ್ನು ಕೇಳಿದೊಡನೆ ನಿರುತ್ತರಳಾಗಿ ಹಿಂದಿರುಗಿದಳು. ಆ ಮಕ್ಕಳಾದರೋ, ತಮ್ಮ ಸಲುವಾಗಿ ನಡೆಯುತ್ತಿದ್ದ ಈ ತಪಸ್ಸಿನ ಪರಿವೆಯೇ ಇಲ್ಲದೆ ಒಳಗೆ ಟಿವಿ ನೋಡುತ್ತಿದ್ದರು.

ಉದ್ಧಾರಕ್ಕೆ ಪಾತ್ರವಾದ ವಸ್ತು ಮೆಕ್ಯಾನೋ, ಎಂದರೆ ರಂಧ್ರಗಳುಳ್ಳ ತಗಡಿನ ಪಟ್ಟಿಗಳನ್ನು ನಟ್ಟು ಬೋಲ್ಟುಗಳಿಂದ ಜೋಡಿಸಿ ಯಂತ್ರಗಳ ಮಾದರಿಗಳನ್ನು ಕಟ್ಟುವ ಆಟಿಕೆ. ಇದರ ಜನಕನಾದ ಫ್ರಾಂಕ್ ಹಾರ್ನ್‌ಬಿ ಎಂಬ ಲಿವರ್‌ಪೂಲಿನ ಗುಮಾಸ್ತನೂ ನನ್ನ ನೆಪವನ್ನೇ ಹೂಡಿದವನು. ತನ್ನ ಗಂಡುಮಕ್ಕಳ ಆಟಕ್ಕೆಂದು ತಾಮ್ರದ ತಗಡನ್ನು ಕತ್ತರಿಸಿ, ಸಮಾನ ಅಂತರದಲ್ಲಿ ರಂಧ್ರಗಳನ್ನು ಕೊರೆದು, 1901ರಲ್ಲಿ ಪೇಟೆಂಟು ಪಡೆದು, 1907ರಲ್ಲಿ ಅದಕ್ಕೆ ಮೆಕ್ಯಾನೋ ಎಂದು ನಾಮಕರಣ ಮಾಡಿ, ಕಾರ್ಖಾನೆಯ ಒಡೆಯನಾಗಿ, ಕಟ್ಟಕಡೆಗೆ 1931ರಲ್ಲಿ ಪಾರ್ಲಿಮೆಂಟಿನ ಸದಸ್ಯನೂ ಆದನು. ‘ಮಕ್ಕಳಿಗಾಗಿ’ ಎಂಬ ಮಾತು ಒಬ್ಬ ಮನುಷ್ಯನನ್ನು ಎಷ್ಟು ದೂರ ಒಯ್ಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ರಂಧ್ರದಿಂದ ರಂಧ್ರಕ್ಕೆ ಅರ್ಧ ಅಂಗುಲ: ಆ ಆಟದ ಸಮಸ್ತ ಧರ್ಮಶಾಸ್ತ್ರವೂ ಇಷ್ಟರಲ್ಲಿ ಅಡಗಿದೆ. ಈ ಒಂದು ನಿಯಮಕ್ಕೆ ಭಂಗ ಬಾರದಿರುವುದರಿಂದಲೇ ಮುತ್ತಜ್ಜನ ಕಾಲದ ಪಟ್ಟಿಗೆ ಮರಿಮಗನ ಕಾಲದ ಪಟ್ಟಿಯು ಯಾವ ತಕರಾರೂ ಇಲ್ಲದೆ ಕೂಡಿಕೊಳ್ಳುತ್ತದೆ. ಮನುಷ್ಯರಲ್ಲಿ ಈ ಸೌಕರ್ಯವಿಲ್ಲ.

1945ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಹಾಕುವ ಕೆಲಸ ಆರಂಭವಾಗಿ, ಮದರಾಸು ಹೈದರಾಬಾದು ಎರಡೂ ಕಡೆಯ ಎಂಜಿನಿಯರುಗಳು ನದಿಯ ಎರಡು ದಡಗಳಲ್ಲಿ ನೆರೆದಿದ್ದರಷ್ಟೆ. ಕೆಲಸ ಮುಗಿದ ಮೇಲೆ ಟಿ.ಬಿ. ಡ್ಯಾಂ ಕಾಲೊನಿಯನ್ನು ಬಿಟ್ಟು ಹೊರಟ ಅವರಲ್ಲೊಬ್ಬರು ಹೊರೆಯಾದೀತೆಂದು ನಮ್ಮ ಅಜ್ಜನಿಗೆ ಕೊಟ್ಟುಹೋದ ಪೆಟ್ಟಿಗೆಯಿದು. ನಮ್ಮ ತಂದೆ ಆಡಿ, ಅಕ್ಕನೂ ನಾನೂ ಜಗಳವಾಡಿ, ಅನಂತರ ಅಟ್ಟವನ್ನೇರಿತ್ತು. ಸಂಡೂರಿನ ಗುಡ್ಡಗಳನ್ನು ಅಗೆದು ಕಬ್ಬಿಣದ ಅದಿರನ್ನು ಹಗಲಿರುಳೂ ಲಾರಿಗಳಲ್ಲಿ ಸಾಗಿಸುತ್ತಿದ್ದ ವರ್ಷಗಳಲ್ಲಿ ಆ ಕೆಂಪು ಧೂಳು ನಮ್ಮ ಊರಿನ ಎಲೆಗಳ ಮೇಲೂ ಬಟ್ಟೆಗಳ ಮೇಲೂ ಕುಳಿತಂತೆ ಅಟ್ಟದ ಮೇಲೂ ಕುಳಿತಿತು. ಅದಿರಿನಲ್ಲಾಗಲಿ ತುಕ್ಕಿನಲ್ಲಾಗಲಿ ಇರುವುದು ಕಬ್ಬಿಣ ಆಮ್ಲಜನಕಗಳ ಸಂಯೋಗವೇ ಆದುದರಿಂದ, ಪೆಟ್ಟಿಗೆಯನ್ನು ತೆರೆದಾಗ ಯಾವುದು ಧೂಳು ಯಾವುದು ತುಕ್ಕು ಎಂದು ನಿರ್ಣಯಿಸಲಾಗಲಿಲ್ಲ. ಸಂಡೂರಿನ ಸಹವಾಸದಿಂದ ವೈರಾಗ್ಯ ಹೊಂದಿದ ಇಂಗ್ಲೆಂಡಿನ ಉಕ್ಕು ತನ್ನ ಪೂರ್ವಾಶ್ರಮಕ್ಕೆ ಹೊರಟು ನಿಂತಿತ್ತೆಂದು ತೋರುತ್ತದೆ. ಹುಣಿಸೆಹಣ್ಣಿನ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿ ಅದನ್ನು ಮರಳಿ ಸಂಸಾರಕ್ಕೆ ಎಳೆತಂದೆನು.

ಪಟ್ಟಿಗಳು ಬದುಕಿದರೂ ನಟ್ಟು ಬೋಲ್ಟುಗಳಲ್ಲಿ ಬಹುಭಾಗ ಕಾಣೆಯಾಗಿದ್ದವು. ಮಾದರಿಗಾಗಿ ಒಂದನ್ನು ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಒಯ್ದರೆ, ಅಂಗಡಿಯಾತನು ಅದನ್ನು ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ, “ಇದು ಯಾವ ಗಾಡಿದು ಸಾರ್?” ಎಂದನು. ಗಾಡಿಯದಲ್ಲ, ಆಟದ್ದು ಎಂದೆ. ಆತನ ಮುಖದಲ್ಲಿ ಅದುವರೆಗೆ ಇದ್ದ ಗೌರವ ಸ್ವಲ್ಪ ಇಳಿಯಿತು. ಕೊಟ್ಟದ್ದು ನಾಲ್ಕು ಮಿಲಿಮೀಟರಿನದು. ಮೂಲದ ಬೋಲ್ಟು ಒಂದು ಅಂಗುಲದ ಮೂವತ್ತೆರಡನೆಯ ಐದು ಭಾಗ ದಪ್ಪದ್ದು. ಅಂದರೆ ನಾಲ್ಕು ಮಿಲಿಮೀಟರಿಗೆ ಕೂದಲೆಳೆಯಷ್ಟು ಮಾತ್ರ ಕಡಿಮೆ. ಆದರೆ ಮರೆಯ ಅಂತರ ಬೇರೆಯಾದ ಕಾರಣ, ಹಳೆಯ ನಟ್ಟು ಹೊಸ ಬೋಲ್ಟನ್ನು ಒಂದೆರಡು ಸುತ್ತಿನ ಮಟ್ಟಿಗೆ ಮರ್ಯಾದೆಯಿಂದ ಬರಮಾಡಿಕೊಂಡು, ಆಮೇಲೆ ಬಿಗಿದುಕೊಂಡು ನಿಂತುಬಿಡುತ್ತದೆ. ನಟ್ಟು ಬೋಲ್ಟು ಎರಡೂ ಹೊಸವೇ ಆದರೆ ತಾಪತ್ರಯವಿಲ್ಲ. ಆದರೆ ಜೀರ್ಣೋದ್ಧಾರಕನ ಅಂತಃಕರಣ ಅದಕ್ಕೆ ಒಪ್ಪಬೇಕಲ್ಲ!

ನಾನು ಕಟ್ಟಬೇಕೆಂದಿದ್ದ ಕ್ರೇನಿನ ತೋಳಿಗೆ ಅತ್ಯವಶ್ಯವಾದ ಇಪ್ಪತ್ತೈದು ರಂಧ್ರಗಳ ಉದ್ದ ಪಟ್ಟಿಯೂ ಇರಲಿಲ್ಲ. ಅದು ಕಂಪ್ಲಿಯ ಅಕ್ಕನ ಮನೆಯಲ್ಲಿರುವುದಾಗಿ ತಿಳಿದು ಹೋದೆನು. ಅಕ್ಕ ಅದನ್ನು ಮದುವೆಯಾದ ವರ್ಷವೇ ಒಯ್ದಿದ್ದಳಂತೆ. ಅಂದಿನಿಂದ ಅಂಗಳದಲ್ಲಿ ಅದನ್ನಿಟ್ಟು, ಮೂರು ರಂಧ್ರಕ್ಕೊಂದರಂತೆ ಪುಡಿಯುದುರಿಸಿ, ಓಣಿಯಲ್ಲಿ ಯಾರಿಗೂ ಸಾಧ್ಯವಾಗದಷ್ಟು ನೇರವಾದ ಚುಕ್ಕಿಗಳ ರಂಗೋಲಿಯಿಂದ ಕೀರ್ತಿವಂತಳಾಗಿದ್ದಳು. ಈ ಉಪಯೋಗ ಹಾರ್ನ್‌ಬಿಯ ಯಾವ ಕೈಪಿಡಿಯಲ್ಲೂ ಇದ್ದಿರಲಾರದು. “ಕೊಡ್ತೀನಪ್ಪ, ಹಬ್ಬದ ದಿನ ಬೆಳಗ್ಗೆ ಐದಕ್ಕೆ ಬಂದು ಚುಕ್ಕಿ ನೀನೇ ಇಡ್ತೀಯೇನು?” ಎಂದಳು. ಊಟ ಮಾಡಿಕೊಂಡು ಬರಿಗೈಯಲ್ಲಿ ಬಂದೆನು.

ಈ ಚಿಂತೆಯಲ್ಲಿರುವಾಗಲೇ ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋದದ್ದು. ಅಲ್ಲಿನ ಬಂಡೆಗಳ ಮೈಮೇಲೆ ಸಾಲುಸಾಲಾಗಿ ಚೌಕನೆಯ ಕುಳಿಗಳಿರುವುದನ್ನು ಎಲ್ಲರೂ ಕಂಡಿದ್ದಾರೆ. ವಿಜಯನಗರದ ಕಲ್ಲುಕುಟಿಗರು ಅವುಗಳಲ್ಲಿ ಒಣಮರದ ಬೆಣೆಗಳನ್ನು ಹೊಡೆದು, ನೀರೆರೆದು, ಮರ ಉಬ್ಬಿದಾಗ ಬಂಡೆ ಸೀಳುವಂತೆ ಮಾಡುತ್ತಿದ್ದರೆಂದು ಹೇಳುತ್ತಾರೆ. ನಾನು ಇದನ್ನು ಸವಿಸ್ತಾರವಾಗಿ ಬಣ್ಣಿಸುತ್ತಿರಲು ಮಗಳು ಒಂದು ಕುಳಿಯಲ್ಲಿ ಬೆರಳಿಟ್ಟು, “ಅಪ್ಪಾ, ಇದರ ಬೋಲ್ಟ್ ಎಲ್ಲಿ?” ಎಂದಳು. ನನ್ನ ಹಿತ್ತಲಿನ ತಪಸ್ಸು ವ್ಯರ್ಥವಾಗಿಲ್ಲವೆಂದು ಆ ಕ್ಷಣದಲ್ಲಿ ಗೊತ್ತಾಯಿತು.

ವಿಠ್ಠಲ ದೇವಾಲಯದ ಕಲ್ಲಿನ ರಥವಂತೂ ನನ್ನ ಅಂತಃಕರಣದ ವ್ಯಾಜ್ಯವನ್ನೇ ಬಗೆಹರಿಸಿತು. ಏಕಶಿಲೆಯೆಂಬ ಭ್ರಾಂತಿ ಹುಟ್ಟಿಸುವ ಆ ರಥ ವಾಸ್ತವದಲ್ಲಿ ಬಿಡಿಬಿಡಿ ಕಲ್ಲುಗಳನ್ನು ಜೋಡಿಸಿ ಕಟ್ಟಿದ್ದು; 1856ರಲ್ಲಿ ಗ್ರೀನ್‌ಲಾ ಎಂಬಾತನು ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೊಂದು ಇಟ್ಟಿಗೆಯ ಶಿಖರವಿದೆ, ಈಗಿಲ್ಲ. ಎದುರಿಗೆ ಆನೆಗಳು ನಿಂತಿವೆ. ಆದರೆ ಅವುಗಳ ಹಿಂದೆ ಬಾಗಿ ನೋಡಿದರೆ ಕುದುರೆಗಳ ಹಿಂಗಾಲು ಬಾಲಗಳ ಅವಶೇಷ ಕಾಣುತ್ತದೆ. ಮೂಲದ ಕುದುರೆಗಳು ಹೋದ ಮೇಲೆ ಯಾರೋ ಪುಣ್ಯಾತ್ಮರು ಬೇರೆಡೆಯ ಆನೆಗಳನ್ನು ತಂದು ಹೂಡಿದ್ದಾರೆ. ಐವತ್ತು ರೂಪಾಯಿಯ ನೋಟಿನ ಮೇಲೆ ವಿರಾಜಮಾನವಾದ ರಥಕ್ಕೇ ಕುದುರೆಯ ಬದಲು ಆನೆ ನಡೆಯುವುದಾದರೆ, ನನ್ನ ಕ್ರೇನಿಗೆ ನಾಲ್ಕು ಮಿಲಿಮೀಟರಿನ ಬೋಲ್ಟು ನಡೆಯದೆ? ಹಿಂದಿರುಗುವಾಗ ಅಂಗಡಿಯಲ್ಲಿ ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದೆನು.

ಅಷ್ಟರಲ್ಲಿ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ, ಅರುವತ್ತು ಅಡಿ ಅಗಲದ ಆ ಬಾಗಿಲು ಹೊಳೆಯ ಪಾಲಾಯಿತು. ಊರೆಲ್ಲ ಅದೇ ಮಾತು. ಕನ್ನಯ್ಯ ನಾಯ್ಡು ಎಂಬ ವೃದ್ಧ ಎಂಜಿನಿಯರರ ಮಾರ್ಗದರ್ಶನದಲ್ಲಿ, ರಭಸದಿಂದ ಹರಿಯುವ ನೀರಿನ ನಡುವೆ ಉಕ್ಕಿನ ಹಲಗೆಗಳನ್ನು ಕ್ರೇನಿನಿಂದ ಒಂದರ ಮೇಲೊಂದು ಇಳಿಸಿ ವಾರದೊಳಗೆ ಆ ಕಿಂಡಿಯನ್ನು ಮುಚ್ಚಿದರು. ಟಿವಿಯ ಮುಂದಿನಿಂದ ಎದ್ದು ನನ್ನ ಮಕ್ಕಳು ನೇರವಾಗಿ ಪೆಟ್ಟಿಗೆಗೆ ಕೈಹಾಕಿದರು. ಹಿತ್ತಲಿನ ತೊಟ್ಟಿಯೇ ತುಂಗಭದ್ರೆಯಾಯಿತು. ನಾನು ಮೂರು ಲೇಪ ಬಣ್ಣ ಬಳಿದು, ನೆರಳಿನಲ್ಲಿ ಒಣಗಿಸಿ, ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ್ದ ಫಲಕಗಳು ಒಂದೊಂದಾಗಿ ಮುಳುಗಿದವು. ಕ್ರೇನಿನ ತೋಳಿಗೆ ಅಡುಗೆಮನೆಯ ಸೌಟು ಬಂದಿತು. ಸರಪಳಿಗೆ ಮಗಳು ಜಾತ್ರೆಯಲ್ಲಿ ಕೊಂಡ ಸರ.

ಕೈಪಿಡಿಯ ಪ್ರಕಾರ ಅದು ಹೀಗಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಗನು, “ಅಪ್ಪಾ, ನೀವು ಸ್ವಲ್ಪ ಆ ಕಡೆ ನಿಲ್ರಿ, ನೀರು ಜಾಸ್ತಿ ಐತೆ” ಎಂದನು. ಹತ್ತೊಂಬತ್ತನೆಯದು ಒಂದು ಮುಗಿಯಿತು, ಅಣೆಕಟ್ಟಿನಲ್ಲಿರುವುದು ಮೂವತ್ತಮೂರು. ಉಳಿದವಕ್ಕೆ ಬೇಕಾಗುವ ನಟ್ಟುಗಳ ಪಟ್ಟಿಯನ್ನು ಅವರಿಬ್ಬರೂ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ನನ್ನ ಕೈಗಿತ್ತಿದ್ದಾರೆ. ಸದ್ಯಕ್ಕೆ ನನ್ನ ಹುದ್ದೆ ಸ್ಟೋರ್ ಕೀಪರಿನದು. ಉಪ್ಪಿನಕಾಯಿಯ ಹಳೆಯ ಡಬ್ಬಿಗಳಲ್ಲಿ ಅಂಗುಲದವನ್ನೂ ಮಿಲಿಮೀಟರಿನವನ್ನೂ ಬೇರೆ ಮಾಡಿಡುತ್ತಿದ್ದೇನೆ. ಅಡುಗೆಮನೆಯ ನಲ್ಲಿಯ ವಿಷಯ ಪತ್ನಿ ಮತ್ತೆ ಎತ್ತಿದಳು. ಮೇಲಧಿಕಾರಿಗಳನ್ನು ಕೇಳಿ ತಿಳಿಸುತ್ತೇನೆಂದೆ.