ಕಾರಣಪುರುಷರು

ಹೊಸದಾಗಿ ಓಡಲು ಶುರುಮಾಡಿದವರನ್ನು ವಿಜಯನಗರದಲ್ಲಿ ಗುರುತಿಸುವುದು ಸುಲಭ. ಹಳಬರ ಶೂ ಕೊಳೆಯಾಗಿರುತ್ತದೆ, ಬಾಯಿ ಮುಚ್ಚಿರುತ್ತದೆ. ಹೊಸಬರ ಶೂ ಅಷ್ಟು ದೂರದಿಂದಲೇ ಹೊಳೆಯುತ್ತದೆ. ಬಾಯಿ ಓಡುವಾಗ ಗಾಳಿಗೆ, ಓಡಿದ ಮೇಲೆ ಮಾತಿಗೆ ತೆರೆದೇ ಇರುತ್ತದೆ. ಚೆನ್ನಾಗಿ ಓಡಿದ ದಿನ ಆ ಮಾತು ಎರಡು ನಿಮಿಷಕ್ಕೆ ಮುಗಿದೀತು. ಓಟ ಕೆಟ್ಟ ದಿನ ಕೇಳುವವನ ಗತಿ ದೇವರಿಗೇ ಪ್ರೀತಿ.

ಹಂಪಿನಗರದ ನಮ್ಮ ಬೀದಿಯಲ್ಲಿ ಇಂಥವರೊಬ್ಬರಿದ್ದಾರೆ. ನಲವತ್ತು ದಾಟಿದೆ, ಕೆಲಸ ಲೆಕ್ಕಪತ್ರದ್ದು. ಸಕ್ಕರೆ ಗಡಿಯಲ್ಲಿ ನಿಂತಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಮೊದಲು ವಾಚು ಕೊಂಡರು, ಆಮೇಲೆ ಶೂ ಕೊಂಡರು, ಕೊನೆಗೆ ಓಡಿದರು. ನಾನು ಓಡುವವನಲ್ಲ, ನಡೆಯುವವನು. ನನ್ನ ನಡಿಗೆ ಮನೆಯಲ್ಲಿ ಶುರುವಾಗಿ ದರ್ಶಿನಿಯಲ್ಲಿ ಮುಗಿಯುತ್ತದೆ. ಅದನ್ನು ವ್ಯಾಯಾಮವೆಂದು ನಂಬುವವನು ಈ ಭೂಮಿಯ ಮೇಲೆ ನಾನೊಬ್ಬನೇ. ಅವರ ಓಟವೂ ಅದೇ ದರ್ಶಿನಿಯ ಮುಂದೆ ನಿಲ್ಲಬೇಕೆಂದು ನನ್ನ ಹಣೆಯಲ್ಲಿ ಬರೆದಿತ್ತು. ಬೈಟು ಕಾಫಿಯಲ್ಲಿ ಅರ್ಧ ಅವರಿಗೆ, ಅರ್ಧ ನನಗೆ. ಅವತ್ತಿನ ಕಾರಣ ಮಾತ್ರ ಪೂರ್ತಿ ನನಗೆ.

ಲೆಕ್ಕದವರಲ್ಲವೇ, ತಾಳೆಯಾಗದ್ದನ್ನು ಹಾಗೇ ಬಿಡುವುದಿಲ್ಲ. ಐದು ಕಿಲೋಮೀಟರಿಗೆ ನಾಲ್ಕು ನಿಮಿಷ ಹೆಚ್ಚಾಯಿತೆಂದರೆ ಆ ನಾಲ್ಕೂ ನಿಮಿಷಕ್ಕೆ ವೋಚರು ಬೇಕು. ನಿನ್ನೆ ಬೀಗರ ಊಟ, ಒಂದೂವರೆ ನಿಮಿಷ. ನಾಯಿಗಳು, ಮುಕ್ಕಾಲು ನಿಮಿಷ. ಕಾಲುಚೀಲದ ಹೊಲಿಗೆ, ಅರ್ಧ. ಮಿಕ್ಕದ್ದು ಹವಾಮಾನದ ಖಾತೆಗೆ. ಒಮ್ಮೆ ಕಾರಣಗಳೆಲ್ಲ ಮುಗಿದು, ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಆಮ್ಲಜನಕ ಕಮ್ಮಿ ಎಂದರು. ವಾಣಿವಿಲಾಸ ಆಸ್ಪತ್ರೆಯಲ್ಲಿ ಹುಟ್ಟಿ, ಈ ಊರು ಬಿಟ್ಟು ಎಲ್ಲೂ ಉಸಿರಾಡದವರಿಗೆ ಆಮ್ಲಜನಕದ ಕೊರತೆ ಕಂಡದ್ದು ಅವತ್ತೇ.

ಮೆಟ್ರೋ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಅದನ್ನು ನಾನು ಅನುಭವಿಸಿದ್ದೇನೆ. ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ಎಂದು 2015ರಿಂದ ಕಾರ್ಡ್ ರಸ್ತೆಯ ನೆತ್ತಿಯ ಮೇಲೆ ರೈಲು ಓಡುತ್ತಿದೆ. ಅದರ ಕೆಳಗೆ ಓಡುವವನ ವಾಚಿಗೆ ಆಕಾಶ ಸರಿಯಾಗಿ ಕಾಣುವುದಿಲ್ಲ. ಉಪಗ್ರಹದ ಸಂಕೇತ ಕಾಂಕ್ರೀಟಿಗೋ ಪಕ್ಕದ ಕಟ್ಟಡಕ್ಕೋ ಬಡಿದು ತಡವಾಗಿ ತಲುಪಿ, ಮನುಷ್ಯ ಈ ಬದಿಯಿಂದ ಆ ಬದಿಗೆ ನೆಗೆಯುತ್ತಿದ್ದಾನೆಂದು ವಾಚು ತಿಳಿಯುತ್ತದೆ. ಆ ನೆಗೆತಗಳೆಲ್ಲ ದೂರದ ಲೆಕ್ಕಕ್ಕೆ ಜಮಾ. ಹೀಗಾಗಿ ಒಂದು ಬೆಳಿಗ್ಗೆ ನಮ್ಮವರು ಕಿಲೋಮೀಟರಿಗೆ 3 ನಿಮಿಷ 10 ಸೆಕೆಂಡಿನಂತೆ ಓಡಿಬಿಟ್ಟರು. “ಕಿಪ್ಚೋಗೆ 2022ರಲ್ಲಿ ಬರ್ಲಿನ್ ಮ್ಯಾರಥಾನ್ ಓಡಿದ್ದು 2 ನಿಮಿಷ 52 ಸೆಕೆಂಡಿನ ಲೆಕ್ಕದಲ್ಲಿ. ಬರೀ ಹದಿನೆಂಟು ಸೆಕೆಂಡು ಡಿಫರೆನ್ಸು ಸಾರ್!” ಎಂದು ಕಾಫಿ ತಣ್ಣಗಾಗುವವರೆಗೆ ವಾಚನ್ನು ನನ್ನ ಮೂಗಿಗೆ ಹಿಡಿದರು. ಆ ನಲವತ್ತೆರಡು ಕಿಲೋಮೀಟರಿಗೂ ಈ ಒಂದಕ್ಕೂ ಇರುವ ವ್ಯತ್ಯಾಸವನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಬೀದಿಯ ವಾಟ್ಸಾಪ್ ಗುಂಪಿಗೆಲ್ಲ ಚಿತ್ರ ಹೋಗಿತ್ತು. ಚಪ್ಪಾಳೆಗಳು ಬಂದವು. ಒಬ್ಬರು ಹೂಗುಚ್ಛವನ್ನೂ ಹಾಕಿದರು.

ಆ ಭಾನುವಾರ ಜ್ಞಾನಭಾರತಿ ಆವರಣಕ್ಕೆ ಹೋದರು. ತಲೆಯ ಮೇಲೆ ಮೆಟ್ರೋ ಇಲ್ಲ, ವಾಚು ಸತ್ಯ ನುಡಿಯಿತು: ಏಳು ನಿಮಿಷದ ಮೇಲೆ. “ಅಲ್ಲಿ ಮರ ಜಾಸ್ತಿ ಸಾರ್, ಸಿಗ್ನಲ್ ಸಿಗಲ್ಲ.” ಸಾಲದ್ದಕ್ಕೆ ಅದೇ ಆವರಣದ ಕ್ರೀಡಾ ಪ್ರಾಧಿಕಾರದ ಹುಡುಗರು ಮಾತಾಡಿಕೊಂಡೇ ಇವರನ್ನು ದಾಟಿ ಹೋದರಂತೆ. ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಶ್ರೀನಿವಾಸ ಗೌಡರನ್ನು 2020ರಲ್ಲಿ ಪರೀಕ್ಷೆಗೆ ಕರೆದದ್ದೂ ಆ ಪ್ರಾಧಿಕಾರವೇ. ಅವರು ಒಲ್ಲೆ ಎಂದರು. ಅಂಥವರೇ ಬೇಡವೆಂದ ಜಾಗದಲ್ಲಿ ನೀವೇಕೆ ಹೋಗಿ ಮನಸ್ಸು ಕೆಡಿಸಿಕೊಳ್ಳುತ್ತೀರಿ ಎಂದು ಸಮಾಧಾನ ಹೇಳಿದೆ. “ಅವರಿಗೇನು ಬಿಡಿ, ಕೋಣ ಎಳ್ಕೊಂಡು ಹೋಗುತ್ತೆ” ಎಂದರು.

ಕಿಪ್ಚೋಗೆಯೇ 2020ರ ಲಂಡನ್ ಮ್ಯಾರಥಾನಿನಲ್ಲಿ ಎಂಟನೆಯವನಾಗಿ ಬಂದು, ಬಲಗಿವಿ ಕಟ್ಟಿಕೊಂಡಿತ್ತು ಎಂದನೆಂದು ನಾನು ಹೇಳಬಾರದಿತ್ತು. ಆ ವಾರ ಪೂರ್ತಿ ಇವರ ಕಿವಿ ಕಟ್ಟಿಕೊಂಡಿತು. ನಾನು ಹೇಳಿದ್ದು ಯಾವುದೂ ಕೇಳಿಸಲಿಲ್ಲವಾದ್ದರಿಂದ ನಿಜವೂ ಇರಬಹುದು.

ಇದರಲ್ಲಿ ತಮಾಷೆಯೇ ಅಲ್ಲದ ಸಂಗತಿಯೊಂದಿದೆ. ಹೊಸಬನಿಗೆ ಮೊದಮೊದಲು ಓಟ ಬೇಗ ಕೈಹಿಡಿಯುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವನು ಕೆಲವೇ ವಾರಗಳಲ್ಲಿ ಮೂರು ಕಿಲೋಮೀಟರ್ ನಿಲ್ಲದೆ ಓಡುತ್ತಾನೆ. ಈ ಬಡ್ಡಿ ದರ ಕೊನೆತನಕ ಇದೇ ಎಂದು ತಿಳಿದು ದಿನವೂ ಜೋರಾಗಿ ಓಡುತ್ತಾನೆ, ಒಂದು ದಿನವೂ ಸುಮ್ಮನಿರುವುದಿಲ್ಲ. ದೇಹ ಒಳಗೊಳಗೇ ಸಾಲ ಬರೆದಿಡುತ್ತಿರುತ್ತದೆ. ಮಾತಾಡುತ್ತಾ ಓಡಲಾದರೆ ಅದೇ ಸರಿಯಾದ ವೇಗ, ವಾರದಲ್ಲಿ ಎರಡು ದಿನ ಮಲಗು ಎಂದು ಮೈದಾನದ ಹಳಬರು ಹೇಳಿದರೆ, ಮಲಗಲು ವಾಚು ಬೇಕಿತ್ತೇ ಎನ್ನುತ್ತಾನೆ.

2025ರ ಯುಗಾದಿಯ ಹಿಂದಿನ ದಿನ, ಶನಿವಾರ, ನಮ್ಮವರಿಗೆ ಎಲ್ಲವೂ ಸರಿಯಾಗಿತ್ತು. ರಾತ್ರಿ ಒಳ್ಳೆಯ ನಿದ್ದೆ, ಹೊಟ್ಟೆ ಹಗುರ, ಗಾಳಿ ತಂಪು, ನಾಯಿಗಳು ಮಲಗಿದ್ದವು. ಎರಡು ಕಿಲೋಮೀಟರಿಗೆ ಕಾಲು ನಿಂತುಹೋಯಿತು. ದರ್ಶಿನಿಗೆ ನಡೆದುಕೊಂಡು ಬಂದರು, ಕಾಫಿ ಹಿಡಿದರು, ಕುಡಿದರು. ನಾನು ಕಾದೆ. “ಕಾರಣ ಸಿಗ್ತಿಲ್ಲ ಸಾರ್” ಎಂದು ಲೋಟ ಇಟ್ಟು ಹೊರಟುಹೋದರು.

ಅದುವರೆಗೆ ಆ ಕಾರಣಗಳು ನಿಂತರೆ ಸಾಕೆಂದು ಹರಸಿಕೊಂಡವನು ನಾನೇ. ನಿಂತಾಗ ಕಾಫಿ ರುಚಿಸಲಿಲ್ಲ. ಆಫೀಸಿನಲ್ಲಿ ಹತ್ತಾರು ಜನರ ತಪ್ಪು ಹುಡುಕುವ ಮನುಷ್ಯ, ಈ ವಯಸ್ಸಿನಲ್ಲಿ, ಎಲ್ಲರ ಕಣ್ಣೆದುರು, ತನಗೆ ಬಾರದ್ದೊಂದನ್ನು ಒಂದನೇ ಕ್ಲಾಸಿನಿಂದ ಕಲಿಯುವುದು ಸಣ್ಣ ಮಾತಲ್ಲ. ಬೀಗರ ಊಟ, ಕಾಲುಚೀಲ ಎಲ್ಲ ಕೈಯಲ್ಲಿರುವವರೆಗೆ ತಪ್ಪು ಹೊರಗೆಲ್ಲೋ ಇತ್ತು. ಅವೆಲ್ಲ ಬಿಟ್ಟುಹೋದ ಮೇಲೆ ಉಳಿದದ್ದು ತಾನೊಬ್ಬನೇ, ಮತ್ತು ಮಕ್ಕಳು ನೋಡುತ್ತಿರುವ ಹೊಳೆಯುವ ಶೂ. ನಾನಾದರೂ ಯಾಕೆ ಓಡಲಿಲ್ಲ? ಮಂಡಿ ನೋವು ಎನ್ನುತ್ತೇನೆ. ಮಂಡಿಯನ್ನು ಯಾರೂ ಕೇಳಿಲ್ಲ.

ಸೋಮವಾರ ವರ್ಷತೊಡಕು. ಮೈಸೂರು ರಸ್ತೆಯ ಮಟನ್ ಅಂಗಡಿಯ ಕ್ಯೂ ನಸುಕಿನಲ್ಲೇ ಬೆಳೆದಿತ್ತು. ಅವತ್ತು ರಂಜಾನ್ ಹಬ್ಬ ಬೇರೆ. ನನ್ನ ಮುಂದೆ ಡಬ್ಬಿ ಹಿಡಿದು ನಿಂತವರು ಅವರೇ, ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ವಾಚಿಲ್ಲ.

“ಶೂ ಭಾವಮೈದನಿಗೆ ಕೊಟ್ಬಿಡೋಣ ಅಂತಿದೀನಿ. ನಂಗೆ ಇದು ಆಗೋ ಕೆಲಸ ಅಲ್ಲ ಸಾರ್.”

“ಶನಿವಾರ ಏನು ದಿನ ಹೇಳಿ?”

“ಶನಿವಾರ.”

“ರೀ, ಯುಗಾದಿ ಹಿಂದಿನ ದಿನ ಅಮಾವಾಸ್ಯೆ ಕಣ್ರೀ! ಸಮುದ್ರವನ್ನೇ ಎಳೆದಾಡುತ್ತೆ. ನಿಮ್ಮ ಕಾಲು ಯಾವ ಲೆಕ್ಕ?”

ಇಷ್ಟು ಹಸಿ ಸುಳ್ಳನ್ನು ನಾನು ಮನೆಯಲ್ಲೂ ಹೇಳಿದವನಲ್ಲ. ಅವರ ಮುಖದಲ್ಲಿ ಮಾತ್ರ ರಕ್ತ ಸಂಚಾರವಾಯಿತು. “ಹೌದಲ್ವಾ! ಅದಕ್ಕೇ ಕಾಲು ನೆಲಕ್ಕೆ ಅಂಟಿದಂಗಿತ್ತು” ಎಂದು ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ಹಿಂದಿನವರಿಗೂ ತಿರುಗಿ ವಿವರಿಸತೊಡಗಿದರು. ಮರುದಿನ ಓಡಿದರು, ಚೆನ್ನಾಗಿಯೇ ಓಡಿದರು. ಎರಡು ದಿನ ಸುಮ್ಮನಿದ್ದು ಹೋಳಿಗೆ, ಮಟನ್ ಉಂಡದ್ದು ಕಾಲಿಗೆ ಹಿಡಿಸಿರಬೇಕು. ಕೀರ್ತಿ ಅಮಾವಾಸ್ಯೆಗೆ ಹೋಯಿತು.

ವಾರ ಕಳೆಯುವಷ್ಟರಲ್ಲಿ ಒಂಟಿಕೊಪ್ಪಲ್ ಪಂಚಾಂಗ ಕಂಕುಳಲ್ಲಿಟ್ಟು ದರ್ಶಿನಿಗೆ ಬಂದರು. ವರ್ಲ್ಡ್ 10ಕೆ ಓಟಕ್ಕೆ ಹೆಸರು ಕೊಟ್ಟಿದ್ದರು. 2008ರಿಂದ ಬೆಂಗಳೂರಲ್ಲಿ ನಡೆದು ಬಂದಿರುವ ಅದು ಆ ಸಲ ಏಪ್ರಿಲ್ 27ಕ್ಕಿತ್ತು. “ಅವತ್ತೂ ಅಮಾವಾಸ್ಯೆ ಸಾರ್!”

ನಾನೇ ಕಟ್ಟಿದ ಶಾಸ್ತ್ರ, ನಾನೇ ಪರಿಹಾರ ಹುಡುಕಬೇಕು. “ಓಟ ಎಲ್ಲಿ? ದಂಡಿನ ಕಡೆ ತಾನೇ? ತಮಿಳರಿಗೆ ಅಮಾವಾಸ್ಯೆ ಶುಭದಿನ. ಅದು ಕಾರ್ಡ್ ರಸ್ತೆಗೆ ಕೆಟ್ಟದ್ದು, ಹಲಸೂರಿಗೆ ಒಳ್ಳೇದು” ಎಂದೆ. ಬಹಳ ಹೊತ್ತು ಯೋಚಿಸಿ ಒಪ್ಪಿಕೊಂಡರು.

ಆ ಭಾನುವಾರ ಮಧ್ಯಾಹ್ನ ಫೋನು ಬಂತು. ಹತ್ತೂ ಕಿಲೋಮೀಟರ್ ಮುಗಿಸಿದ್ದರು, ಅಂದುಕೊಂಡದ್ದಕ್ಕಿಂತ ಆರು ನಿಮಿಷ ತಡವಾಗಿ. ಮೊದಲು ಬಂದವನು ಉಗಾಂಡದ ಜೋಶುವಾ ಚೆಪ್ಟೆಗೈ, 27 ನಿಮಿಷ 53 ಸೆಕೆಂಡು.

“ನೋಡಿದ್ರಾ? ಟ್ರ್ಯಾಕಲ್ಲಿ ಅವನ ವರ್ಲ್ಡ್ ರೆಕಾರ್ಡು 26 ನಿಮಿಷ 11 ಸೆಕೆಂಡು” ಎಂದರು ಉತ್ಸಾಹದಿಂದ. “ಪಾಪ, ಅವನಿಗೂ ಅಮಾವಾಸ್ಯೆ ಹೊಡೆದಿದೆ ಸಾರ್.”