ಡಿಗ್ರಿಯಣ್ಣ

ಜುಲೈ ಬಂತೆಂದರೆ ಕುಕ್ಕುವಾಡದ ಚಹಾ ಹೋಟೆಲಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: “ಡ್ಯಾಂ ಎಷ್ಟಾತು?” ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಅಲ್ಲಿ ನೀರೇರಿದರೆ ಇಲ್ಲಿ ನಾಟಿಯ ಮಾತು. ಏರದಿದ್ದರೆ ಮುಗಿಲು ನೋಡುವುದು. ಊರೆಲ್ಲ ಅಡಿಯ ಲೆಕ್ಕದಲ್ಲಿ ಮುಳುಗಿರುವಾಗ ಮೂಲೆಯ ಬೆಂಚಿನಿಂದ ಒಂದು ದನಿ “26.2” ಎನ್ನುತ್ತದೆ. ಅವನೇ ಡಿಗ್ರಿಯಣ್ಣ. ಅವನು ಹೇಳಿದ್ದು ಡ್ಯಾಮಿನದಲ್ಲ, ತನ್ನ ಮನೆಯ ಪಡಸಾಲೆಯಲ್ಲಿರುವ ಗಾಜಿನ ತೊಟ್ಟಿಯ ಉಷ್ಣಾಂಶ.

ಇಂಥವರು ಯಾವ ಊರಿಗೂ ಹೊಸಬರಲ್ಲ. ಇವನ ಹಿಂದಿನ ತಲೆಮಾರಿನವರು ಕಾಳಗದ ಟಗರು ಸಾಕಿದರು, ಪಾರಿವಾಳ ಹಾರಿಸಿದರು, ರೇಡಿಯೊ ಬಿಚ್ಚಿ ಅರ್ಧ ಜೋಡಿಸಿದರು. ಇವನು ಸಮುದ್ರ ಸಾಕಿದ್ದಾನೆ. ಪಡಸಾಲೆಯಲ್ಲಿ 200 ಲೀಟರಿನ ಸಮುದ್ರ, ಅದರಲ್ಲಿ ಎರಡು ಕ್ಲೌನ್ ಮೀನು, ಒಂದಿಷ್ಟು ಮೆದು ಹವಳ. ಗಟ್ಟಿ ಹವಳ ಯಾಕಿಲ್ಲವೆಂದು ಕೇಳಿದರೆ ದನಿ ತಗ್ಗಿಸುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಹುಲಿಯ ಜೊತೆ ಮೊದಲ ಅನುಸೂಚಿಯಲ್ಲಿದೆ. “ಹುಲಿ ಸಾಕಿದಂಗ ಆಗ್ತತಿ” ಎನ್ನುತ್ತಾನೆ, ಸಾಕಬಹುದಿತ್ತು ಎಂಬ ಧಾಟಿಯಲ್ಲಿ.

ಸಮುದ್ರ ತಯಾರಾಗುವುದು ಊರಿನ ಶುದ್ಧ ನೀರಿನ ಘಟಕದಲ್ಲಿ. ಕಾಯಿನ್ ಹಾಕಿ ಕ್ಯಾನುಗಟ್ಟಲೆ ನೀರು ಹಿಡಿದು ತರುತ್ತಾನೆ. ಕೊರಿಯರಿನಲ್ಲಿ ಬಂದ ಸಮುದ್ರದ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ತೂಗಿ ಬೆರೆಸುತ್ತಾನೆ. “ರೊಕ್ಕ ಕೊಟ್ಟು ಉಪ್ಪು ತೆಗೆಸಿದ ನೀರಿಗೆ ಮತ್ತ ರೊಕ್ಕ ಕೊಟ್ಟು ಉಪ್ಪು ಹಾಕ್ತಾನ” ಎಂದು ಅವನ ಅವ್ವ ಓಣಿಗೆಲ್ಲ ವರದಿ ಒಪ್ಪಿಸಿದ್ದಾಳೆ. ವರದಿಯಲ್ಲಿ ತಪ್ಪೇನೂ ಇಲ್ಲ.

ಬಲ್ಲವರು ಇಂಥ ತೊಟ್ಟಿಯ ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸಾಕು ಎನ್ನುತ್ತಾರೆ. ಡಿಗ್ರಿಯಣ್ಣನಿಗೆ ಇದು ಅವಮಾನ. ಅವನಿಗೆ 26 ಬೇಕು, ಬಿಂದುವಿನ ಮುಂದೆ ಸೊನ್ನೆ ಬೇಕು. ಅದಕ್ಕಾಗಿ ತೊಟ್ಟಿಯೊಳಗೊಂದು ಗಾಜಿನ ಥರ್ಮಾಮೀಟರ್, ಹೊರಗೊಂದು ಅಂಟಿಸುವ ಪಟ್ಟಿ, ಹೀಟರಿನದೇ ಒಂದು ಮುಳ್ಳು, ಮೊಬೈಲಿಗೆ ಸುದ್ದಿ ಕಳಿಸುವ ಒಂದು ಯಂತ್ರ. ನಾಲ್ಕೂ ನಾಲ್ಕು ಹೇಳುತ್ತವೆ. ಯಾವುದು ನಿಜ ಹೇಳುತ್ತಿದೆ ಎಂದು ಪತ್ತೆ ಹಚ್ಚಲು ಐದನೆಯದನ್ನು ತರಿಸಿದ. ಅದು ಐದನೆಯ ಸಂಖ್ಯೆ ಹೇಳಿತು.

ಇವನ ಪ್ರತಿಭೆ ಪೂರ್ತಿ ಅರಳುವುದು ಏಪ್ರಿಲಿನಲ್ಲಿ. ಹೊರಗೆ ದಾವಣಗೆರೆಯ ಬಿಸಿಲು, ತೊಟ್ಟಿಯೊಳಗೆ ಲೈಟಿನ ಕಾವು, ಪಂಪಿನ ಕಾವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ; ಮೀನು ಮೇಲೆ ಬಂದು ಬಾಯಿ ಬಿಡುತ್ತದೆ, ಅದನ್ನು ಕಂಡು ಇವನೂ ಬಿಡುತ್ತಾನೆ. ಮೊದಲು ನೀರಿನ ಮೇಲೆ ಸಣ್ಣ ಫ್ಯಾನ್ ಕಟ್ಟಿದ. ಮಡಿಕೆಯ ನೀರು ತಂಪಾಗುವ ಹಾಗೆ ನೀರು ಆವಿಯಾಗುತ್ತ ಎರಡು ಮೂರು ಡಿಗ್ರಿ ಇಳಿಯಿತು. ಮಂಗಳೂರಿನ ಜಿಗುಟು ಸೆಕೆಯಲ್ಲಿ ಈ ಉಪಾಯ ಅಷ್ಟು ನಡೆಯದು, ನಮ್ಮ ಬಯಲುಸೀಮೆಯ ಒಣಗಾಳಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಹಾರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ದಿನಾ ಬರೀ ಸಿಹಿನೀರು ಸುರಿದು ಸರಿದೂಗಿಸಬೇಕು. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಡಿಗ್ರಿಯಣ್ಣ ಆಗುತ್ತಿರಲಿಲ್ಲ.

ನೀರು ತಣ್ಣಗಾಗಲೆಂದು ಚಿಲ್ಲರ್ ತಂದ. ಚಿಲ್ಲರ್ ನೀರಿನ ಕಾವನ್ನು ಹೀರಿ ಪಡಸಾಲೆಗೆ ಉಗುಳಿತು. ಪಡಸಾಲೆ ಕಾದಿತು, ಕಾದ ಕೋಣೆಯಲ್ಲಿ ಚಿಲ್ಲರ್‌ಗೂ ಏದುಸಿರು ಬಂತು. ಚಿಲ್ಲರ್ ತಣ್ಣಗಾಗಲೆಂದು ಏಸಿ ಹಾಕಿಸಿದ. ಕರೆಂಟು ಹೋದರೆ ಎರಡೂ ನಿಲ್ಲುತ್ತವಲ್ಲ ಎಂದು ಜನರೇಟರ್ ತಂದ. ಎರಡು ಮೀನಿಗಾಗಿ ಹಿತ್ತಲಲ್ಲಿ ಡೀಸೆಲ್ ಉರಿಯತೊಡಗಿತು. ಕರೆಂಟು ಹೋದಾಗ ಮನೆಯಲ್ಲಿ ಸರತಿ ಹೀಗೆ: ಮೊದಲು ತೊಟ್ಟಿ, ಆಮೇಲೆ ಫ್ರಿಜ್ಜು, ಕೊನೆಗೆ ಮಿಕ್ಸಿ. ಹೆಂಡತಿ ಚಟ್ನಿಯನ್ನು ಒರಳಿನಲ್ಲಿ ರುಬ್ಬುತ್ತಾಳೆ, ರುಬ್ಬುವ ಸದ್ದು ಅಗತ್ಯಕ್ಕಿಂತ ಜೋರಾಗಿರುತ್ತದೆ.

ಏಸಿಯಿಂದಾಗಿ ಮನೆಯ ಬಾಗಿಲು ಹಗಲಲ್ಲೂ ಮುಚ್ಚಿತು. ಹಳ್ಳಿಯಲ್ಲಿ ಹಾಡುಹಗಲೇ ಬಾಗಿಲು ಮುಚ್ಚಿದ ಮನೆಗೆ ಜನ ಬಂದೇ ಬರುತ್ತಾರೆ, ಏನಾಯಿತೋ ಎಂದು. ಬಂದವರಿಗೆ ತಂಪು ತಿಳಿಯಿತು. ಈಗ ಏಪ್ರಿಲ್ ಮಧ್ಯಾಹ್ನ ಓಣಿಯ ಹಿರಿಯರೆಲ್ಲ ಅಲ್ಲೇ. “ಬಾಗ್ಲಾ ಹಾಕ್ರೀ ಅಜ್ಜಾರ, ಅರ್ಧ ಡಿಗ್ರಿ ಏರ್ತತಿ!” ಎಂದು ಇವನು ಗೋಗರೆಯುತ್ತಾನೆ. “ಮೀನಿನ ಪುಣ್ಯ ತಮ್ಮಾ” ಎಂದು ಅವರು ಕಾಲು ಚಾಚುತ್ತಾರೆ. ಅಷ್ಟು ಜನರ ಮೈಕಾವಿಗೆ ಏರುವ ಉಷ್ಣಾಂಶ ಎಷ್ಟೆಂದು ಅವನು ಲೆಕ್ಕ ಹಾಕಿದ್ದಾನೆ, ಹಿರಿಯರೆಂಬ ಮರ್ಯಾದೆಗೆ ಹೇಳಿಲ್ಲ.

ಡಿಸೆಂಬರಿನಲ್ಲಿ ಆಟ ತಿರುಗಾಮುರುಗಾ, ಹೀಟರಿನ ಕಾಲ. ಕೆಟ್ಟ ಹೀಟರ್ ಉರಿಯದೆ ಸುಮ್ಮನಿದ್ದರೆ ಒಳ್ಳೆಯದು. ಆರದೆ ಉರಿಯುತ್ತಲೇ ಉಳಿದರೆ ಬೆಳಗಾಗುವಷ್ಟರಲ್ಲಿ ಮೀನು ಸಾರಿಗೆ ತಯಾರು. ಅದಕ್ಕೇ ದೊಡ್ಡದೊಂದರ ಬದಲು ಸಣ್ಣವು ಎರಡು ಇಡುತ್ತಾರೆ. ಒಂದು ಹಟ ಹಿಡಿದರೂ ಒಂಟಿಯಾಗಿ ತೊಟ್ಟಿಯನ್ನು ಬೇಯಿಸಲಾರದು. ಡಿಗ್ರಿಯಣ್ಣ ಎರಡು ಇಟ್ಟಿದ್ದಾನೆ, ಅವುಗಳ ಮೇಲೆ ಕಣ್ಣಿಡಲು ಅವ್ವನನ್ನೂ ಇಟ್ಟಿದ್ದಾನೆ. ದಾವಣಗೆರೆಯ ಕಲ್ಯಾಣ ಮಂಟಪದಲ್ಲಿ ತಾಳಿ ಕಟ್ಟುವ ಹೊತ್ತಿಗೆ ಅವನ ಮೊಬೈಲು ಕಿರುಚುತ್ತದೆ. ಎಲ್ಲರೂ ಅಕ್ಷತೆ ಹಾಕುವಾಗ ಇವನು ಕಂಬದ ಮರೆಯಲ್ಲಿ, “ಅವ್ವಾ, ಎಡಗಡೀದು ಕೆಂಪು ಲೈಟ್ ಐತೇನು ನೋಡು!”

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ನಿಜವಾದ ಹವಳಗಳಿವೆ. ಅಲ್ಲಿಗೂ ಹೋಗಿ ಮುಳುಗಿ ಬಂದ. ಮೀನು ಹೇಗಿತ್ತು ಎಂದು ಕೇಳಿದರೆ ನೆನಪಿಲ್ಲ. ಕೈಗೆ ಕಟ್ಟಿದ್ದ ಡೈವಿಂಗ್ ಗಡಿಯಾರ 28 ತೋರಿಸಿದ್ದು ಮಾತ್ರ ನೆನಪಿದೆ. “ಸಮುದ್ರದಾಗ ಎರಡು ಡಿಗ್ರಿ ಜಾಸ್ತಿ ಐತಿ” ಎಂದು ಅರಬ್ಬೀ ಸಮುದ್ರದ ನಿರ್ವಹಣೆಯ ಬಗ್ಗೆ ಅಸಮಾಧಾನ ಸೂಚಿಸಿದ.

ನಗುವವರು “ಒಂದು ಡಿಗ್ರೀಲಿ ಏನೈತೋ ಮಾರಾಯಾ?” ಎಂದಾಗ ಮಾತ್ರ ಅವನ ಮುಖ ಬದಲಾಗುತ್ತದೆ. ಸಮುದ್ರ ತನ್ನ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ, ಹವಳ ತನಗೆ ಅನ್ನ ಹಾಕುವ ಪಾಚಿಯನ್ನೇ ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ, 2010ರಲ್ಲಿ, 2016ರಲ್ಲಿ ಹೀಗೇ ಆಯಿತು. ಇದನ್ನು ಅವನು ಡಿಗ್ರಿಯ ಜಂಬವಿಲ್ಲದೆ ಹೇಳುತ್ತಾನೆ, ಹೋಟೆಲಿನವರೂ ಸುಮ್ಮನೆ ಕೇಳುತ್ತಾರೆ.

ಆದ್ದರಿಂದ ನನ್ನ ತೀರ್ಪು: ಡಿಗ್ರಿಯ ವಿಷಯದಲ್ಲಿ ಅವನು ಸರಿ, ದಶಮಾಂಶದ ವಿಷಯದಲ್ಲಿ ಹುಚ್ಚ. ಹವಳ ಕೇಳುವುದು 26.0 ಅಲ್ಲ. 25 ಆದರೂ ಸೈ, 26 ಆದರೂ ಸೈ, ನಿನ್ನೆ ಇದ್ದದ್ದು ಇವತ್ತೂ ಇರಲಿ ಎನ್ನುತ್ತದೆ. ತೊಟ್ಟಿ ಇಡುವವರು ನಂಬಿಕೆಯ ಒಂದು ಥರ್ಮಾಮೀಟರ್, ಎರಡು ಸಣ್ಣ ಹೀಟರ್, ಒಂದು ಫ್ಯಾನ್ ಇಟ್ಟುಕೊಂಡು ಕೈಕಟ್ಟಿ ಕೂರುವುದನ್ನು ಕಲಿಯಲಿ. ತೊಟ್ಟಿ ಇಡದವರು ಇಂಥವನೊಬ್ಬನ ಸ್ನೇಹ ಸಂಪಾದಿಸಲಿ, ಸಾಧ್ಯವಾದರೆ ಮಾರ್ಚ್ ಮುಗಿಯುವುದರೊಳಗೆ. ಹೋದಾಗ ಬಾಗಿಲು ಹಾಕಿಕೊಂಡು ಒಳಗೆ ಹೋಗಿ.