ದ್ಯೂತದೌರ್ಭಾಗ್ಯ ಮತ್ತು ರೈಲುಪ್ರಯಾಣ: ಒಂದು ಬಹುಶಿಸ್ತೀಯ ಅಧ್ಯಯನ (ಗಾಜುವಾಕದ ನಮ್ಮ ಭಾವನನ್ನು ಅನುಲಕ್ಷಿಸಿ)

ಪೀಠಿಕೆ

ಮನುಷ್ಯನ ಸೋಲನ್ನು ಕುರಿತು ಕನ್ನಡದಲ್ಲಿ ಈವರೆಗೆ ನಡೆದಿರುವ ಚಿಂತನೆ ಬಹುಮಟ್ಟಿಗೆ ಬಿಡಿಬಿಡಿ ನೆಲೆಯದು. ಇಸ್ಪೀಟಿನ ಎಲೆ, ರೈಲಿನ ವೇಳಾಪಟ್ಟಿ ಮತ್ತು ಹೆಂಡತಿಯ ತವರುಮನೆ ಎಂಬ ಮೂರು ಆಯಾಮಗಳ ಪರಸ್ಪರ ಅನುಸಂಧಾನದಲ್ಲಿ ಸೋಲಿನ ಸಮಗ್ರ ಸಂರಚನೆಯನ್ನು ಪರಿಭಾವಿಸುವ ಪ್ರಯತ್ನ ನಡೆದಿಲ್ಲ. ಆ ಕೊರತೆಯನ್ನು ನೀಗಿಸುವುದು ಪ್ರಸ್ತುತ ಪ್ರಬಂಧದ ಆಶಯ.

ಈ ಭಾಷೆ ನನಗೆ ಹುಟ್ಟಿನಿಂದ ಬಂದದ್ದಲ್ಲ, ಅಂಟಿಕೊಂಡದ್ದು. ಹೋದ ವರ್ಷ ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣವೊಂದರಲ್ಲಿ ದಿಕ್ಸೂಚಿ ಭಾಷಣಕಾರರು ಒಂದು ಗಂಟೆ ನಲವತ್ತು ನಿಮಿಷ ‘ಪಯಣದ ಸಂಕಥನ’ವನ್ನು ಬಿಚ್ಚಿಟ್ಟರು. ಹೊರಗೆ ಪಲಾವಿನ ಮೇಲೆ ಡಾಲ್ಡಾ ಹೆಪ್ಪುಗಟ್ಟಿತು. ಅಷ್ಟು ಹೊತ್ತಿನಲ್ಲಿ ಅವರು ಒಂದು ಊರಿನ ಹೆಸರನ್ನಾಗಲಿ, ಒಂದು ಬಸ್ಸಿನ ಹೆಸರನ್ನಾಗಲಿ ಹೇಳಲಿಲ್ಲ. ನೋಂದಣಿ ಶುಲ್ಕ ಎಂಟುನೂರು ರೂಪಾಯಿ ಕೊಟ್ಟು ಕೂತವನು ನಾನು. ಇಲ್ಲಿ ವಸೂಲು ಮಾಡಿಕೊಳ್ಳುತ್ತೇನೆ.

ಅಧ್ಯಯನದ ಏಕೈಕ ಆಕರ ನಮ್ಮ ಭಾವ. ಬಳ್ಳಾರಿ ಸೀಮೆಯವನು. ತೋರಣಗಲ್ಲಿನಲ್ಲಿ ಕ್ರೇನು, ಸರಪಳಿ, ಭಾರ ಎತ್ತುವ ಕೆಲಸ ಕಲಿತು, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಕಡೆ ಗುತ್ತಿಗೆ ಕೆಲಸಕ್ಕೆ ಹೋಗಿ ಗಾಜುವಾಕದಲ್ಲಿ ಮನೆ ಮಾಡಿದವನು. ಇಪ್ಪತ್ತು ಟನ್ನಿನ ತೊಲೆಯನ್ನು ಒಂದಿಂಚು ಅಲುಗದಂತೆ ಕೂರಿಸಬಲ್ಲ. ಕೈಗೆ ಬಂದ ಎರಡು ಎಲೆಯನ್ನು ಕೆಳಗಿಡಲು ಮಾತ್ರ ಬರುವುದಿಲ್ಲ.

ಸ್ಥಳನಾಮ ಜಿಜ್ಞಾಸೆ

ಯಾವ ಗಂಭೀರ ಅಧ್ಯಯನವಾದರೂ ಊರಿನ ಹೆಸರನ್ನು ಸಿಪ್ಪೆ ಸುಲಿಯದೆ ಮುಂದೆ ಹೋಗಕೂಡದು. ‘ವಾಕ’ ಎಂದರೆ ತೆಲುಗಿನಲ್ಲಿ ತೊರೆ, ಹೊಳೆ. ‘ಗಾಜು’ ನಮ್ಮ ಗಾಜೇ. ಆದರೆ ತೆಲುಗರ ಬಾಯಲ್ಲಿ ಅದಕ್ಕೆ ಬಳೆ ಎಂಬ ಅರ್ಥವೂ ಉಂಟು, ಹಲವಾದರೆ ‘ಗಾಜುಲು’. ಆದಕಾರಣ ಗಾಜುವಾಕ ಎಂದರೆ ಬಳೆಗಳ ಹೊಳೆ ಎಂದು ಈ ಲೇಖಕ ನಿರ್ಣಯಿಸಿದ್ದಾನೆ. ಶಾಸನಾಧಾರ ಕೇಳಬೇಡಿ. ಊರ ಹೆಸರಿನ ಮೇಲೆ ಪುಸ್ತಕ ಬರೆದ ಬಹಳ ಜನರನ್ನು ನೀವು ಕೇಳಿಲ್ಲ.

ಪೂರ್ವಸೂರಿಗಳು

ಜೂಜುಗಾರನ ಗೋಳಿಗೆ ಋಗ್ವೇದದಷ್ಟು ಹಳೆಯ ದಾಖಲೆಯಿದೆ. ಹತ್ತನೆಯ ಮಂಡಲದ 34ನೆಯ ಸೂಕ್ತ ಪೂರ್ತಿ ಅದೇ: ಹೆಂಡತಿ ದೂರವಾದಳು, ಅತ್ತೆ ಹಗೆಯಾದಳು, ಸಾಲ ಕೊಡುವವರಿಲ್ಲ, ಆದರೂ ದಾಳಗಳ ಸದ್ದು ಕೇಳಿದರೆ ಕಾಲು ತಾನಾಗಿ ಆ ಕಡೆ ನಡೆಯುತ್ತದೆ. ಅಲ್ಲಿ ದಾಳಗಳ ಸಂಖ್ಯೆ ಹೇಳುವ ಒಂದು ಪದವನ್ನು ಕೆಲವು ಪಂಡಿತರು ಐವತ್ತಮೂರು ಎಂದೂ ಕೆಲವರು ನೂರೈವತ್ತು ಎಂದೂ ಬಿಡಿಸುತ್ತಾರೆ. ಈ ವಿವಾದವನ್ನು ನಾನು ಇಲ್ಲಿಯೇ ಮುಗಿಸುತ್ತೇನೆ. ಐವತ್ತೆರಡು ಎಲೆ, ಒಂದು ಜೋಕರ್, ಒಟ್ಟು ಐವತ್ತಮೂರು. ವೇದಕಾಲದಲ್ಲಿ ಇಸ್ಪೀಟು ಇತ್ತೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಇದಕ್ಕಿಂತ ತೆಳುವಾದ ಆಧಾರದ ಮೇಲೆ ನಮ್ಮಲ್ಲಿ ವಿಮಾನಗಳೇ ಹಾರಿವೆ.

ಇನ್ನೊಬ್ಬ ಪೂರ್ವಸೂರಿ ನಳ. ಕನಕದಾಸರ ನಳಚರಿತ್ರೆ ಓದಿದವರೂ ಓದದವರೂ ಬಲ್ಲ ಕಥೆ. ನಮ್ಮ ಅಧ್ಯಯನಕ್ಕೆ ಮುಖ್ಯವಾದದ್ದು ಅವನು ಜೂಜಿನ ಮರ್ಮ ಕಲಿತದ್ದು ಪ್ರಯಾಣದಲ್ಲಿ ಎಂಬುದು. ಬಾಹುಕನಾಗಿ ಋತುಪರ್ಣನ ರಥ ಓಡಿಸುವಾಗ ರಾಜನ ಉತ್ತರೀಯ ಜಾರಿ ಬಿತ್ತು; ನಿಲ್ಲಿಸು ಅನ್ನುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿತ್ತು. ಆಮೇಲೆ ಋತುಪರ್ಣ ದಾರಿಯ ತಾರೆಮರದ ಎಲೆ, ಕಾಯಿಗಳನ್ನು ನೋಟದಲ್ಲೇ ಎಣಿಸಿ ತೋರಿಸಿದ. ನಳ ಕುದುರೆಯ ವಿದ್ಯೆ ಕೊಟ್ಟು ಎಣಿಕೆಯ ವಿದ್ಯೆ ಪಡೆದ, ಕಲಿ ಮೈಬಿಟ್ಟು ಇಳಿದುಹೋದ. ಭಾವ ನಳನಿಗಿಂತ ಎಷ್ಟೋ ಪಾಲು ಹೆಚ್ಚು ದೂರ ಓಡಾಡಿದ್ದಾನೆ. ಅವನಿಗೆ ಋತುಪರ್ಣ ಸಿಗಲಿಲ್ಲ, ಸಮೋಸದವರು ಸಿಕ್ಕರು.

ದೌರ್ಭಾಗ್ಯದ ಸಪ್ತವಿಧ ವರ್ಗೀಕರಣ

ಒಂದನೆಯದು ಸ್ಥಾನಭ್ರಂಶಜನ್ಯ ದೌರ್ಭಾಗ್ಯ. ವಿಶಾಖಪಟ್ಟಣದ ನಿಲ್ದಾಣದೊಳಗೆ ಹೋದ ಗಾಡಿ ಮುಂದೆ ಸಾಗಬೇಕಾದರೆ ಎಂಜಿನ್ನನ್ನು ಕಳಚಿ ಇನ್ನೊಂದು ತುದಿಗೆ ಸಿಕ್ಕಿಸಬೇಕು. ಆ ರಗಳೆಯೇ ಬೇಡವೆಂದು ಹಲವು ದೂರದ ಗಾಡಿಗಳು ಊರೊಳಗೆ ಹೋಗದೆ ದುವ್ವಾಡದಲ್ಲಿ ನಿಂತು ಹಾಗೇ ಹೊರಟುಬಿಡುತ್ತವೆ. ದುವ್ವಾಡ ಗಾಜುವಾಕದ ಮಗ್ಗುಲಲ್ಲೇ ಇದೆ, ಆಟೋದಲ್ಲಿ ಕಾಲು ಗಂಟೆ. ವಿಜಯವಾಡದಲ್ಲಿ ಶನಿವಾರ ಸಂಜೆ ಗೆಳೆಯರ ಗುಂಪು ಎಲೆ ಹಾಕಿ ಕಾಯುತ್ತಿದ್ದಾಗ ಭಾವ ಎನ್‌ಎಡಿ ಜಂಕ್ಷನ್ನಿನ ಸಂದಣಿಯಲ್ಲಿ ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತು ವಿಶಾಖಪಟ್ಟಣದ ನಿಲ್ದಾಣ ಸೇರಿದ, ತನ್ನ ಗಾಡಿಯ ಹೆಸರನ್ನು ಬೋರ್ಡಿನಲ್ಲಿ ಹುಡುಕಿದ. ಅದು ಅಷ್ಟರಲ್ಲಿ ಅವನ ಮನೆ ಮಗ್ಗುಲಲ್ಲಿ ನಿಂತು, ನೀರು ತುಂಬಿಕೊಂಡು, ಅನಕಾಪಲ್ಲಿ ದಾಟಿತ್ತು. ಅಕ್ಕ ಬಾಗಿಲು ತೆಗೆದವಳು ಹೇಳಿದ್ದಿಷ್ಟು: “ಅಲ್ರೀ, ಹಿತ್ತಲದಾಗ ನಿಂತ ಎಮ್ಮಿ ಹಿಡಿಯಾಕ ಊರೆಲ್ಲಾ ಸುತ್ತಿ ಬಂದ್ರಲ್ಲ.”

ಎರಡನೆಯದು ನಿದ್ರಾಜನ್ಯ. ಮುಂದಿನ ಶನಿವಾರ ದುವ್ವಾಡದಲ್ಲೇ ಹತ್ತಿದ. ಚೆನ್ನೈ ಕಡೆಯ ಗಾಡಿ. ವಿಜಯವಾಡ 350 ಕಿಲೋಮೀಟರ್ ಆಸುಪಾಸು. ರಾತ್ರಿಪಾಳಿ ಮುಗಿಸಿ ಬಂದವನು ಮೇಲಿನ ಬರ್ತಿನಲ್ಲಿ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಕೃಷ್ಣಾ ನದಿ ಹಿಂದಾಗಿತ್ತು. ಇಳಿದದ್ದು ತೆನಾಲಿಯಲ್ಲಿ, ನಮ್ಮ ಬಾಲ್ಯದ ರಾಮಕೃಷ್ಣನ ಊರಿನಲ್ಲಿ. ರಾಯರು ಕೊಟ್ಟ ಬೆಕ್ಕಿಗೆ ಅವನು ಕುದಿಯುವ ಹಾಲಿಟ್ಟದ್ದು, ಒಮ್ಮೆ ಬಾಯಿ ಸುಟ್ಟುಕೊಂಡ ಆ ಬೆಕ್ಕು ಆಮೇಲೆ ಹಾಲು ಕಂಡರೆ ಓಡಿದ್ದು ನಿಮಗೆ ನೆನಪಿರಬೇಕು. ಭಾವ ಆ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಕೂತು ಚಹಾ ಕುಡಿದ, ಹಿಂದಕ್ಕೆ ಹೋಗುವ ಪ್ಯಾಸೆಂಜರ್ ಹಿಡಿದ, ರಾತ್ರಿ ಹತ್ತಕ್ಕೆ ವಿಜಯವಾಡದಲ್ಲಿ ಆಟಕ್ಕೆ ಕೂತ, ಬೆಳಗಿನ ಜಾವಕ್ಕೆ ನಾಲ್ಕು ಸಾವಿರ ಸೋತ. ಬೆಕ್ಕೇ ಮೇಲು ಎಂಬುದು ತೌಲನಿಕ ಅಧ್ಯಯನದಿಂದ ಹೊರಡುವ ಫಲಿತ.

ಮೂರನೆಯದು ನದೀಜನ್ಯ. ಇದಕ್ಕೆ ಸ್ವಲ್ಪ ಪಾರಿಭಾಷಿಕ ಹಿನ್ನೆಲೆ ಬೇಕು. ಪೋಕರಿನಲ್ಲಿ ಪ್ರತಿ ಆಟಗಾರನಿಗೆ ಎರಡು ಎಲೆ ಮುಚ್ಚಿ ಕೊಡುತ್ತಾರೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆಯುತ್ತವೆ, ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದೊಂದಾಗಿ. ಐದನೆಯದರ ಹೆಸರು ‘ರಿವರ್’, ಅಂದರೆ ನದಿ. 2019ರ ಹೊತ್ತಿಗೆ ಭಾವ ಗೆಳೆಯರ ಗುಂಪನ್ನೂ ವಿಜಯವಾಡದ ಲಾಡ್ಜ್ ಕೋಣೆಯನ್ನೂ ಬಿಟ್ಟು ಮೊಬೈಲಿನಲ್ಲಿ ಆಡತೊಡಗಿದ್ದ. ಹಾಗೆ ಆಡುತ್ತ ಕೂತಿದ್ದ ಒಂದು ಪ್ರಯಾಣದಲ್ಲಿ ಗಾಡಿ ರಾಜಮಂಡ್ರಿ ಬಿಟ್ಟು ಗೋದಾವರಿ ಸೇತುವೆಯ ಮೇಲೆ ಬಂತು. ಭಾವನ ಕೈಯಲ್ಲಿ ಎರಡು ಎಕ್ಕ. ಅದು ಬರುವುದು 221 ಸಲಕ್ಕೆ ಒಮ್ಮೆ. ಇದ್ದಬದ್ದದ್ದನ್ನೆಲ್ಲ, ಹನ್ನೊಂದು ಸಾವಿರ, ನಡುವೆ ನೂಕಿದ. ಎದುರಿನ ಯಾರೋ, ಯಾವ ಊರಿನವನೋ, ಎರಡು ರಾಜ ಇಟ್ಟುಕೊಂಡು ಅಷ್ಟನ್ನೂ ಎದುರು ಕಟ್ಟಿದ. ಈ ಸ್ಥಿತಿಯಲ್ಲಿ ಎಕ್ಕದವನು ಐದಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಗೆಲ್ಲುತ್ತಾನೆ. ಎದುರು ಸೀಟಿನ ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದು, ಕಣ್ಣಿಗೊತ್ತಿಕೊಂಡು, ಕಿಟಕಿಯ ಸರಳಿನ ಸಂದಿಯಿಂದ ಗೋದಾವರಿಗೆ ಎಸೆದು ಕೈಮುಗಿದಳು. ಅದೇ ಗಳಿಗೆಗೆ ಐದನೆಯ ಎಲೆ ತೆರೆಯಿತು. ಕಳಾವರ್ ರಾಜ.

ಒಂದೇ ಕ್ಷಣ, ಎರಡು ನದಿ. ಒಂದಕ್ಕೆ ಒಂದು ರೂಪಾಯಿ, ಇನ್ನೊಂದಕ್ಕೆ ಹನ್ನೊಂದು ಸಾವಿರ. ಮುದುಕಿಗೆ ಪುಣ್ಯವಾದರೂ ಬಂತು.

ನಾಲ್ಕನೆಯದು ಶಾಸನಜನ್ಯ. ಇದರಲ್ಲಿ ನಮ್ಮ ಮನೆಯವರೂ ಪಾತ್ರಧಾರಿಗಳು. 2020ರ ಸೆಪ್ಟೆಂಬರಿನಲ್ಲಿ ಆಂಧ್ರ ಸರ್ಕಾರ 1974ರ ತನ್ನ ಜೂಜು ಕಾಯ್ದೆಗೆ ತಿದ್ದುಪಡಿ ತಂದು ಮೊಬೈಲಿನಲ್ಲಿ ಹಣ ಕಟ್ಟಿ ಆಡುವುದನ್ನು ನಿಷೇಧಿಸಿತು. ತೆಲಂಗಾಣ ಮೊದಲೇ ನಿಷೇಧಿಸಿತ್ತು, ಒಡಿಶಾದಲ್ಲೂ ಆ್ಯಪುಗಳು ಬಾಗಿಲು ತೆಗೆಯುತ್ತಿರಲಿಲ್ಲ. ಫೋನು ಎಲ್ಲಿದೆಯೆಂದು ನೋಡಿಕೊಂಡೇ ಅವು ಆಟಕ್ಕೆ ಬಿಡುತ್ತಿದ್ದವು. ಗಾಜುವಾಕದಿಂದ ನೋಡಿದರೆ, ಉಣ್ಣಲು ಮಲಗಲು ಖರ್ಚಿಲ್ಲದೆ ಆಟಕ್ಕೆ ಸಿಗುವ ನೆಲ ಒಂದೇ. ಬಳ್ಳಾರಿ. ನಮ್ಮ ಮನೆ.

ಭಾವ ತಿಂಗಳಿಗೊಮ್ಮೆ ಬರತೊಡಗಿದ. ವಿಜಯವಾಡದಲ್ಲಿ ಗಾಡಿ ಬದಲಿಸಿ, ಗುಂಟೂರು, ಗುಂತಕಲ್ ಹಾದು, ಕಣ್ಣು ಕೆಂಪಾಗಿ ಇಳಿಯುತ್ತಿದ್ದ. ಅಮ್ಮ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು: “ಎಂಥಾ ಅಳಿಯಾನವ್ವಾ, ನಮ್ಮ ಮುಖಾ ನೋಡಾಕ ಒಂದು ರಾತ್ರಿ ಒಂದು ಹಗಲು ರೈಲಿನಾಗ ಕುಂತು ಬರ್ತಾನ.” ಹೋಳಿಗೆ ಮಾಡಿದಳು. ಅಳಿಯ ಹೋಳಿಗೆ ತಿಂದು, ಸಿಗ್ನಲ್ ಚೆನ್ನಾಗಿ ಬರುತ್ತದೆಂದು ಮಾಳಿಗೆ ಹತ್ತಿ ಕೂತ. ಗಾಳಿ ಸೇವನೆ ಅಂದುಕೊಂಡೆವು.

2021ರ ಅಕ್ಟೋಬರ್ 4ರಂದು ಭಾವ ದುವ್ವಾಡದಲ್ಲಿ ಗಾಡಿ ಹತ್ತಿದ. ಅಕ್ಟೋಬರ್ 5ರಂದು ಕರ್ನಾಟಕದ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಇಲ್ಲಿಯೂ ಅಪರಾಧವಾದವು. ಎಂಟುನೂರು ಕಿಲೋಮೀಟರ್ ಆಸುಪಾಸು ಕೂತು ಬಂದವನಿಗೆ ಮಾರನೆಯ ದಿನ ಮಾಳಿಗೆಯ ಮೇಲೆ ಆ್ಯಪ್ ಬಾಗಿಲು ಹಾಕಿತು. ಅಳಿಯ ಅವತ್ತು ರಾತ್ರಿಯೇ ಹೊರಟ. ಅಮ್ಮ ಕಟ್ಟಿಟ್ಟ ಬುತ್ತಿ ಅಡುಗೆಮನೆಯ ಕಟ್ಟೆಯ ಮೇಲೇ ಉಳಿಯಿತು. ಆಕೆ ಏನೂ ಕೇಳಲಿಲ್ಲ. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಆ ವಾರವೇ ಅಳಿಯ ಮತ್ತೆ ಬಾಗಿಲಲ್ಲಿ ನಿಂತಿದ್ದ. ಈ ಸಲ ಹೋಳಿಗೆ ಇರಲಿಲ್ಲ.

ಐದು, ಆರು, ಏಳನೆಯ ಬಗೆಗಳಿಗೆ ಸಂಸ್ಕೃತದಲ್ಲಿ ಹೆಸರಿಟ್ಟುಕೊಂಡಿದ್ದೆ. ಸಾಕು. ಹೇಳಬೇಕೆಂದಿದ್ದದ್ದು ಬೇರೆ.

ಕೌಶಲವೆಂಬ ಪರಿಕಲ್ಪನೆ

ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ಪೊಲೀಸರು ಬಿದ್ದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1968ರ ಕಾನೂನು ವರದಿಗಳಲ್ಲಿ ಅದು ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಮೊಕದ್ದಮೆ. ಮೂರೆಲೆ ಆಟ ಬರೀ ಅದೃಷ್ಟದ್ದು, ರಮ್ಮಿ ಹಾಗಲ್ಲ, ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ತಿಳಿದಿರಬೇಕು, ಆದ್ದರಿಂದ ಅದರಲ್ಲಿ ಕೌಶಲವೇ ಪ್ರಧಾನ ಎಂದರು ನ್ಯಾಯಮೂರ್ತಿಗಳು. 2013ರಲ್ಲಿ ನಮ್ಮ ಹೈಕೋರ್ಟು ಪೋಕರಿನ ವಿಷಯದಲ್ಲಿ, ಕೌಶಲದ ಆಟವಾಗಿ ಆಡಿದರೆ ಲೈಸೆನ್ಸು ಬೇಡ ಎಂದಿತು. ಕೋರ್ಟುಗಳ ಮುಂದಿದ್ದದ್ದು ಪೊಲೀಸರು ಯಾರನ್ನು ಹಿಡಿಯಬಹುದು, ಯಾರನ್ನು ಹಿಡಿಯಬಾರದು ಎಂಬ ಪ್ರಶ್ನೆ. ಅಲ್ಲಿ ಆ ಪದಕ್ಕೆ ಕೆಲಸವಿತ್ತು.

ಅದೇ ಪದ ಕೋರ್ಟಿನ ಮೆಟ್ಟಿಲಿಳಿದು ಜಾಹೀರಾತಿಗೆ ಬಂತು. ಕ್ರಿಕೆಟ್ಟಿನ ಓವರ್ ಮುಗಿದಾಗಲೆಲ್ಲ ಕೋಟಿ ಎಣಿಸುವ ನಟರು ಬಂದು ಬುದ್ಧಿ ಇದ್ದವರು ಗೆಲ್ಲುತ್ತಾರೆ ಅಂದರು. ಕೊನೆಗೆ, ವ್ಯಸನವಾಗಬಹುದು, ಆರ್ಥಿಕ ಅಪಾಯವಿದೆ ಎಂಬುದನ್ನು ಒಂದು ದನಿ ಭೂತ ಅಟ್ಟಿಸಿಕೊಂಡು ಬಂದವರಂತೆ ಓದಿ ಮುಗಿಸಿತು. ನನಗೆ ಸಿಟ್ಟಿರುವುದು ಇಲ್ಲಿ. ಜಾತ್ರೆಯಲ್ಲಿ ಅಂದರ್ ಬಾಹರ್ ಆಡಿ ಸೋತವನು ನಸೀಬು ಖೋಟಾ ಅಂದು ಟವೆಲ್ಲು ಕೊಡವಿ ಏಳುತ್ತಿದ್ದ. ಹಣೆಬರಹ ಎಂಬ ಮಾತಿನಲ್ಲಿ ಮೂಢನಂಬಿಕೆ ಇತ್ತು, ಸ್ವಲ್ಪ ಕರುಣೆಯೂ ಇತ್ತು. ಸೋತವನ ಮನೆಯವರೂ ಬೈಯುವಷ್ಟು ಬೈದು ಆಮೇಲೆ ಅನ್ನ ಬಡಿಸುತ್ತಿದ್ದರು. ಕೌಶಲ ಎಂದಮೇಲೆ ಹಾಗೆ ಏಳುವಂತಿಲ್ಲ. ಸೋತರೆ ನಿನಗೆ ಬುದ್ಧಿ ಸಾಲದು, ಕಲಿ, ಇನ್ನೊಮ್ಮೆ ಕೂರು.

ಭಾವ ಕೂತು ಕಲಿತ. ಇನ್ನೂರು ಪುಟದ ಲಾಂಗ್‌ಬುಕ್ ತಂದು ಗೆರೆ ಎಳೆದ. ಕೈಗೆ ಬಂದ ಎಲೆ ನೀಲಿ ಇಂಕಿನಲ್ಲಿ, ಕಟ್ಟಿದ ಹಣ ಕಪ್ಪಿನಲ್ಲಿ, ಮಾಡಿದ ತಪ್ಪು ಕೆಂಪಿನಲ್ಲಿ. ನಾನು ಆ ಪುಸ್ತಕ ನೋಡಿದ್ದೇನೆ. ಗೋದಾವರಿಯ ಮೇಲಿನ ಆಟಕ್ಕೂ ಕೆಂಪಿನಲ್ಲಿ ಒಂದು ಸಾಲು ಇದೆ. ಯಾವ ಲೆಕ್ಕದಲ್ಲೂ ಅವನು ಅಲ್ಲಿ ತಪ್ಪು ಮಾಡಿರಲಿಲ್ಲ. ಮಾಡಿರಲೇಬೇಕು ಎಂದು ನಂಬಿ ಹುಡುಕಿ ಬರೆದುಕೊಂಡಿದ್ದಾನೆ. ಪುಸ್ತಕದ ಹಿಂಬದಿಯಿಂದ ಅಕ್ಕನ ಲೆಕ್ಕ: ಹಾಲು, ಗ್ಯಾಸು, ಹುಡುಗನ ಫೀಸು, ಆಟೋ. ಎರಡೂ ಲೆಕ್ಕಗಳು ನಡುಪುಟದ ಹತ್ತಿರ ಒಂದನ್ನೊಂದು ಮುಟ್ಟುತ್ತವೆ.

2025ರ ಆಗಸ್ಟ್ 22ರಂದು ಕೇಂದ್ರದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲ ಬಂದ್. ಭಾವನ ಖಾತೆಯಲ್ಲಿ ಉಳಿದಿದ್ದ 46 ರೂಪಾಯಿಯನ್ನು ಆ್ಯಪಿನವರು ಪ್ರಾಮಾಣಿಕವಾಗಿ ಹಿಂದಿರುಗಿಸಿದರು. ಅವನು ಈಗ ಶನಿವಾರವೂ ಪಾಳಿಗೆ ಹೋಗುತ್ತಾನೆ, ನಮ್ಮ ಮನೆಗೆ ಬರುವುದಿಲ್ಲ. ಅಮ್ಮ ಒಮ್ಮೊಮ್ಮೆ ಕೇಳುತ್ತಾಳೆ, “ಅಳಿಯಾ ಯಾಕ ಬರವಲ್ಲ?” ಎಂದು. ಬೈದು ಮುಗಿಸಿದ್ದಾಳೆ, ಬಡಿಸಲು ಕಾಯುತ್ತಿದ್ದಾಳೆ.

ಆ ವರ್ಷದ ದೀಪಾವಳಿಯ ಹಿಂದುಮುಂದಿನಲ್ಲಿ ಗಾಜುವಾಕದ ಮನೆಗೆ ಗಿರವಿ ಅಂಗಡಿಯ ಹರಾಜಿನ ನೋಟಿಸು ಬಂತು. ಮದುವೆಯಲ್ಲಿ ಅಮ್ಮ ತನ್ನ ಕೈಯಿಂದ ಬಿಚ್ಚಿ ತೊಡಿಸಿದ್ದ ಎರಡು ಬಳೆ, ನಾಲ್ಕು ತೊಲ. ಭಾವ ಇಟ್ಟು ಎರಡು ವರ್ಷವಾಗಿತ್ತು; ಬೀರುವಿನಲ್ಲಿ ಇವೆಯೆಂದೇ ಅಕ್ಕ ತಿಳಿದಿದ್ದಳು. ನೋಟಿಸು ತೆಲುಗಿನಲ್ಲಿತ್ತು. ಅಕ್ಕನಿಗೆ ತೆಲುಗು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಪಕ್ಕದ ಮನೆಯ ಹುಡುಗಿಯನ್ನು ಕರೆದು ಓದಿಸಿಕೊಂಡಳಂತೆ. ಹುಡುಗಿ ಬರುವ ಮೊದಲೇ ಅದರಲ್ಲಿ ಒಂದು ಪದ ಆಕೆಗೆ ತಾನಾಗಿ ಓದಲು ಬಂದಿತ್ತು. ‘ಗಾಜುಲು’ ಎಂಬುದರ ಅಕ್ಷರಗಳು ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ.